ಉಸಿರಣ್ಣನ ಬಿಳಿ ಕಾಳು

ಉಸಿರಣ್ಣ ಎಂಬುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನಮ್ಮ ಪಾರ್ಸೆಲ್ ಕಚೇರಿಯ ಕೌಂಟರಿನಲ್ಲಿ ಹುಟ್ಟಿದ ಹೆಸರು ಅದು, ಇಟ್ಟವಳು ನಾನೇ. ಹೊರದೇಶದಿಂದ ಬರುವ ಪೊಟ್ಟಣಗಳನ್ನು ತೆರೆದು ನೋಡಿ, ಸರಿಯಿದ್ದರೆ ಮುದ್ರೆ ಒತ್ತಿ ಬಿಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅದೇ ಮೇಜು, ಅದೇ ಕತ್ತರಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ. ಸುಳ್ಳೇನಲ್ಲ. ನಾನು ಹೇಳಹೊರಟಿರುವುದರಲ್ಲಿ ಆ ಸಿಟ್ಟಿಗೂ ಒಂದು ಪಾಲಿದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮೊದಲ ಸಲ ಬಂದಾಗ ಅವರು ಕಂಕುಳಲ್ಲಿ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಅವುಚಿಕೊಂಡಿದ್ದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್, ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್.

"ಮೇಡಂ, ನನ್ನದೊಂದು ಪಾರ್ಸೆಲ್ ಬಂದಿದೆ. ದಯವಿಟ್ಟು ಅದನ್ನ ತೆರೀಬೇಡಿ," ಎಂದರು.

"ತೆರೆಯೋಕೇ ನನಗೆ ಸಂಬಳ ಕೊಡೋದು," ಎಂದೆ.

"ಹಾಗಾದ್ರೆ ತೆರೀರಿ. ಆದ್ರೆ ಈ ಡಬ್ಬದೊಳಗೆ ತೆರೀರಿ."

ಡಬ್ಬದ ಎರಡು ಪಕ್ಕದಲ್ಲಿ ತೂತು ಕೊರೆದು, ತೂತಿಗೆ ರಬ್ಬರ್ ಕೈಗವಸು ಅಂಟಿಸಿದ್ದರು. ತಳದಲ್ಲಿ ತೇವ ಹೀರುವ ನೀಲಿ ಹರಳು ಹರಡಿತ್ತು. ಒಳಗೆ ನನ್ನ ಕತ್ತರಿ, ಅವರ ಪೊಟ್ಟಣ, ಮತ್ತೆ ಮೊಹರು ಹಾಕಲು ಬಿಸಿ ಇಕ್ಕಳ. ನಾನು ಕೈಗವಸಿಗೆ ಕೈ ತೂರಿಸಿ ಬೆಳ್ಳಿ ಬಣ್ಣದ ಹಾಳೆಯನ್ನು ಕತ್ತರಿಸಿದಾಗ ಕಚೇರಿಗೆ ಕಚೇರಿಯೇ ಸುತ್ತ ನೆರೆದಿತ್ತು. ಒಳಗಿದ್ದದ್ದು ಸಾಸಿವೆಗಿಂತ ತುಸು ದಪ್ಪನೆಯ ಬಿಳಿ ಕಾಳು. "ಇಷ್ಟೇನಾ? ನಾನೇನೋ ಹಾವಿದೆ ಅಂದ್ಕೊಂಡಿದ್ದೆ," ಎಂದೆ. ಅವರು ನಗಲಿಲ್ಲ. ಮೊಹರು ಬಿಗಿಯಾಗಿದೆಯೇ ಎಂದು ಎರಡು ಸಲ ಬೆರಳಾಡಿಸಿ ನೋಡಿದರು.

ಆ ಕಾಳಿನ ವಿಷಯ ಅವರೇ ತಿಳಿಸಿಕೊಟ್ಟರು. ಶ್ವಾಸಕೋಶ ಕೆಟ್ಟವರ ಮಂಚದ ಪಕ್ಕ ಇಡುವ ಒಂದು ಯಂತ್ರವಿದೆ. ಗಾಲಿಯ ಮೇಲೆ ನಿಂತ ಸೂಟ್‌ಕೇಸಿನಷ್ಟಿರುತ್ತದೆ. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಎರಡು ಕೊಳವೆಗಳ ಮೂಲಕ ಹಾಯಿಸುತ್ತದೆ. ಕೊಳವೆಯ ತುಂಬ ಈ ಬಿಳಿ ಕಾಳು. ಗಾಳಿಯಲ್ಲಿ ಬೇಡದ್ದನ್ನು ಕಾಳು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮಾತ್ರ ಮೂಗಿಗೆ ಬಿಡುತ್ತದೆ. ಕಾಳಿಗೆ ಇರುವ ಒಂದೇ ವೈರಿ ತೇವ. ಬರಿ ಗಾಳಿಗೆ ತೆರೆದಿಟ್ಟರೆ ಗಾಳಿಯೊಳಗಿನ ನೀರನ್ನು ಕುಡಿದು ಸತ್ತುಹೋಗುತ್ತದೆ. ಆಮೇಲೆ ಮನೆಯ ಒಲೆಯಲ್ಲಿ ಎಷ್ಟು ಕಾಯಿಸಿದರೂ ಜೀವ ಬರುವುದಿಲ್ಲ. ನೋಡಲು ಮಾತ್ರ ಮೊದಲಿನ ಹಾಗೇ ಬೆಳ್ಳಗಿರುತ್ತದೆ.

ಉಸಿರಣ್ಣ ಮೂಲತಃ ಫ್ರಿಜ್ ಮೆಕ್ಯಾನಿಕ್. ತಾಯಿ ತಂದೆ ಬೇಗ ಹೋದರು. ಸಾಕಿದ್ದು ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ. ಅವರು ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದರು. ಮೂಗಿಗೆ ಒಂದು ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿ, ಬಿಚ್ಚಿದಾಗ ಬಟ್ಟೆಯ ಸುತ್ತ ಕಲ್ಲುಪುಡಿಯ ಬಿಳಿ, ಬಟ್ಟೆಯಡಿ ಕಪ್ಪು ಎಂಬ ಮುಖ ಹೊತ್ತು ಮನೆಗೆ ಬರುತ್ತಿದ್ದರಂತೆ. ತಮ್ಮನನ್ನು ಓದಿಸಿದ್ದು, ಕೆಲಸ ಕಲಿಸಿದ್ದು, ಅಂಗಡಿ ಹಾಕಿಕೊಟ್ಟದ್ದು ಎಲ್ಲ ಆ ಪುಡಿಯಿಂದಲೇ. ತಾವು ಮದುವೆಯಾಗಲಿಲ್ಲ, ತಮ್ಮನೂ ಮದುವೆಯಾಗದೇ ಉಳಿದದ್ದಕ್ಕೆ ಮಾತ್ರ ಬದುಕಿರುವ ತನಕ ಬೈದರು. ಐವತ್ತೆಂಟರ ಹೊತ್ತಿಗೆ ಅಕ್ಕನಿಗೆ ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ಏದುಸಿರು. ಆಸ್ಪತ್ರೆಯವರು, ಇನ್ನು ಮೇಲೆ ಯಂತ್ರವಿಲ್ಲದೆ ಆಗುವುದಿಲ್ಲ ಎಂದು ಬರೆದುಕೊಟ್ಟರು.

ಉಸಿರಣ್ಣ ಯಾರೋ ಬಳಸಿ ಬಿಟ್ಟಿದ್ದ ಯಂತ್ರ ತಂದರು. ವರ್ಷದೊಳಗೆ ಅದು ಸೊರಗಿತು. ಮಾರಿದವರನ್ನು ಕೇಳಿದರೆ, ಹಳೆಯದಾಯಿತು, ಬಿಡಿಭಾಗ ಸಿಗಲ್ಲ, ಹೊಸದು ತಗೊಳ್ಳಿ ಎಂದರು. ಫ್ರಿಜ್ಜಿನ ಹೊಟ್ಟೆ ಬಗೆದು ರೂಢಿಯಿದ್ದ ಮನುಷ್ಯ ಇದರ ಹೊಟ್ಟೆಯನ್ನೂ ಬಗೆದರು. ಮೋಟಾರು ಗಟ್ಟಿಯಾಗಿತ್ತು, ವಾಲ್ವು ಗಟ್ಟಿಯಾಗಿತ್ತು, ಕಾಳು ಮಾತ್ರ ಸತ್ತಿತ್ತು. ಆ ಕಾಳನ್ನು ಮಾಡುವವರು ಇರುವುದು ಚೀನಾದಲ್ಲಿ ಎಂದು ಹುಡುಕಿ ತಿಳಿದುಕೊಂಡು, ಫೋನಿನ ಅನುವಾದದ ಸಹಾಯದಿಂದ ನಾಲ್ಕು ಕಂಪನಿಗಳಿಗೆ ಬರೆದರು. ಒಬ್ಬರು ಒಂದು ಟನ್ನಿಗಿಂತ ಕಡಿಮೆ ಕೊಡುವುದಿಲ್ಲ ಎಂದರು. ಇನ್ನೊಬ್ಬರು, ನಾವು ಬೇಳೆಕಾಳು ಮಾರುವುದಿಲ್ಲ, ವಿಳಾಸ ತಪ್ಪಿದೆ ಎಂದರು. ಮೂರನೆಯವರು ಉತ್ತರವನ್ನೇ ಕೊಡಲಿಲ್ಲ.

ನಾಲ್ಕನೆಯ ಕಂಪನಿ ಚಿಕ್ಕದು. ಉತ್ತರಿಸಿದ ಹೆಂಗಸು, ಇಪ್ಪತ್ತೈದು ಕೆ.ಜಿ.ಯ ಡ್ರಮ್ಮಿಗಿಂತ ಕಡಿಮೆ ಮಾರುವ ಪದ್ಧತಿಯಿಲ್ಲ, ನಿಮಗೆ ಎಷ್ಟು ಬೇಕು ಎಂದು ಕೇಳಿದಳು. ಉಸಿರಣ್ಣ ಮೂರು ಕೆ.ಜಿ. ಎಂದು ಬರೆದು, ಏಕೆ ಎಂಬುದಕ್ಕೆ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕೂತ ಅಕ್ಕನ ಫೋಟೊ ಕಳಿಸಿದರು. ಎರಡು ದಿನ ಬಿಟ್ಟು ಉತ್ತರ ಬಂತು: ಬೇರೆಯವರ ಆರ್ಡರಿಗೆ ಡ್ರಮ್ಮು ತೆರೆದಾಗ ಮೂರು ಕೆ.ಜಿ. ತೆಗೆದಿಡುತ್ತೇನೆ, ನಾನೇ ಪ್ಯಾಕ್ ಮಾಡುತ್ತೇನೆ. ಅವಳ ಹೆಸರನ್ನು ಉಸಿರಣ್ಣನ ನಾಲಿಗೆ ಹೊರಳಿಸಲಾರದು. ಅಂದಿನಿಂದ ಅವಳು "ಆ ಕಡೆಯ ತಂಗಿ" ಆದಳು.

ಒಂಬತ್ತು ವರ್ಷ ಆ ವ್ಯಾಪಾರ ಹಾಗೇ ನಡೆಯಿತು. ಅಕ್ಕನ ಯಂತ್ರ ಸರಿಹೋದ ಸುದ್ದಿ ಹಬ್ಬಿ, ಕೆಟ್ಟ ಯಂತ್ರಗಳೆಲ್ಲ ಉಸಿರಣ್ಣನ ಅಂಗಡಿಗೆ ಬಂದವು. ಫ್ರಿಜ್ಜುಗಳು ಹಿಂದೆ ಸರಿದವು. ಊರಿನ ಒಂಬತ್ತು ಮನೆಗಳಲ್ಲಿ ಅವರ ಕೈಯಲ್ಲಿ ಜೀವ ಪಡೆದ ಯಂತ್ರಗಳು ಓಡುತ್ತಿದ್ದವು. ಪ್ರತಿ ಭಾನುವಾರ ಸ್ಕೂಟರಿನಲ್ಲಿ ಒಂದೊಂದು ಮನೆಗೂ ಹೋಗಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ ತುದಿಯನ್ನು ಯಂತ್ರಕ್ಕೂ ಒತ್ತಿ ಮೋಟಾರಿನ ಸದ್ದು ಕೇಳುತ್ತಿದ್ದರು. ಆಮೇಲೆ ಮೀಟರು ಹಚ್ಚಿ ಆಮ್ಲಜನಕ ನೂರಕ್ಕೆ ಎಷ್ಟಿದೆ ನೋಡಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅಂಕಿ ಬರೆಯುತ್ತಿದ್ದರು. ಬೇಕಾದ ವಾಲ್ವು ಎರಡು, ಫಿಲ್ಟರು ಹತ್ತು, ಮೋಟಾರು ಒಂದು ಎಂದು ಬರೆದರೆ ಆ ಕಡೆಯ ತಂಗಿ ತನ್ನೂರಿನ ಅಂಗಡಿ ಅಂಗಡಿ ಅಲೆದು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತಿದ್ದಳು. ಹೊಸ ಕಾಳು ತುಂಬಿದ ಮೇಲೆ ಇವರು ಮೀಟರಿನ ಫೋಟೊ ಕಳಿಸುವುದು, ತೊಂಬತ್ಮೂರೋ ತೊಂಬತ್ನಾಲ್ಕೋ ಇದ್ದುದನ್ನು ನೋಡಿ ಅವಳು ಹೆಬ್ಬೆರಳು ಎತ್ತಿದ ಗುರುತು ಕಳಿಸುವುದು. ಅದೇ ಅವರಿಬ್ಬರ ರಸೀದಿ.

ಎರಡನೆಯ ಪಾರ್ಸೆಲ್ ಬಂದಾಗ ನಾನು ರಜೆಯಲ್ಲಿದ್ದೆ. ನನ್ನ ಜಾಗದಲ್ಲಿ ಕೂತವರು ಡಬ್ಬ ಗಿಬ್ಬ ಏನೂ ನೋಡದೆ ಕತ್ತರಿ ಹಾಕಿದರು, ಕಾಳು ಹಾಳಾಯಿತು. ಅಂದಿನಿಂದ ಉಸಿರಣ್ಣ ಒಂದು ಉಪಾಯ ಮಾಡಿದರು. ನಮ್ಮ ಅಕ್ಷರದಲ್ಲಿ ಎರಡು ಸಾಲು ಬರೆದು ಅದರ ಫೋಟೊವನ್ನು ಅವಳಿಗೆ ಕಳಿಸಿ, ಇದನ್ನು ಪ್ರತಿ ಪೊಟ್ಟಣದ ಮೇಲೂ ಅಂಟಿಸಬೇಕು ಎಂದರು. ಅವಳ ಮುದ್ರಣ ಯಂತ್ರದಲ್ಲಿ ನಮ್ಮ ಅಕ್ಷರಗಳೆಲ್ಲ ಬರೀ ಚೌಕಗಳಾಗಿ ಬಂದವಂತೆ. ಹಾಗಾಗಿ ಅವಳು ದಪ್ಪ ಕಪ್ಪು ಪೆನ್ನಿನಿಂದ ಕೈಯಲ್ಲೇ ನೋಡಿ ನೋಡಿ ಬರೆದಳು.

"ದಯವಿಟ್ಟು ತೆರೆಯಬೇಡಿ. ಇದು ಒಬ್ಬರ ಉಸಿರು."

ಮೊದಲ ಸಲದ ಅಕ್ಷರ ನೋಡಿ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ. ಬರೆದವಳಿಗೆ ಎಲ್ಲಿಂದ ಶುರುಮಾಡಿ ಎಲ್ಲಿ ಮುಗಿಸಬೇಕೆಂದೇ ಗೊತ್ತಿಲ್ಲ. ಚಿತ್ರ ಬಿಡಿಸಿದ ಹಾಗೆ ಬಿಡಿಸಿದ್ದಳು. ವರ್ಷ ಕಳೆದಂತೆ ಅಕ್ಷರ ದುಂಡಗಾದವು. "ನಿಮ್ಮ ತಂಗಿ ಅಕ್ಷರ ಈಗ ನಿಮಗಿಂತ ಚೆನ್ನಾಗಿದೆ," ಎಂದು ನಾನು ರೇಗಿಸಿದರೆ, "ನಾನು ಮೆಕ್ಯಾನಿಕ್ ಮೇಡಂ, ಅವಳು ಶ್ರದ್ಧೆಯವಳು," ಎನ್ನುತ್ತಿದ್ದರು. ಆ ಚೀಟಿಯ ಕಾರಣಕ್ಕೇ ನಾನು ಅವರನ್ನು ಉಸಿರಣ್ಣ ಎಂದು ಕರೆದದ್ದು. ಪೊಟ್ಟಣ ಬಂದರೆ ಬದಿಗಿಟ್ಟು ಅವರಿಗೆ ಫೋನ್ ಮಾಡುವುದು, ಅವರು ಡಬ್ಬ ಹೊತ್ತು ಬರುವುದು, ಡಬ್ಬದೊಳಗೆ ತೆರೆದು ಮುಚ್ಚುವುದು ನಮ್ಮ ನಡುವಿನ ಪದ್ಧತಿಯಾಯಿತು. ಆ ಕಡೆಯ ತಂಗಿ ಪ್ರತಿ ಪೊಟ್ಟಣದೊಳಗೆ ನೀಲಿ ಚುಕ್ಕೆಗಳ ಒಂದು ಪುಟ್ಟ ಕಾರ್ಡೂ ಇಡುತ್ತಿದ್ದಳು. ತೇವ ತಗುಲಿದರೆ ಚುಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನೂ ಉಸಿರಣ್ಣನೇ ನನಗೆ ತೋರಿಸಿಕೊಟ್ಟಿದ್ದರು.

ಒಮ್ಮೆ ಅವರ ಮನೆಗೂ ಹೋಗಿದ್ದೆ. ನೀವು ಮುದ್ರೆ ಒತ್ತೋದು ಯಾವುದಕ್ಕೆ ಅಂತ ಒಂದು ಸಲ ಬಂದು ನೋಡಿ ಎಂದು ಅವರೇ ಕರೆದಿದ್ದರು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಯಂತ್ರದಿಂದ ಹೊರಟ ಹಸಿರು ಕೊಳವೆ ನೆಲದ ಮೇಲೆ ಹರಿದು, ಹೊಸಿಲು ದಾಟಿ, ಅಡುಗೆಮನೆಗೆ ಹೋಗಿತ್ತು. ಅಕ್ಕ ಅದನ್ನು ಎಳೆದುಕೊಂಡೇ ಓಡಾಡುತ್ತಿದ್ದರು. ಎಲ್ಲಿ ಕುರ್ಚಿಯ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ನೋಡದೆಯೇ ತಿಳಿಯುತ್ತಿತ್ತು ಅವರಿಗೆ.

"ಇದು ನನ್ನ ಮೂಗುದಾರ ಕಣಮ್ಮ," ಎಂದರು ನನಗೆ. "ಇವನು ಹದಿನೈದು ಮೀಟರ್ ಕೊಟ್ಟಿದ್ದಾನೆ. ಬಾಗಿಲ ಮೆಟ್ಟಿಲವರೆಗೆ ಹೋಗ್ತೀನಿ, ಬೀದಿಗೆ ಬಿಡಲ್ಲ."

"ಬೀದಿಗೆ ಹೋಗಿ ಯಾರ ಹತ್ರ ಜಗಳ ಆಡ್ಬೇಕು ನಿನಗೆ?" ಎಂದರು ಉಸಿರಣ್ಣ.

"ನೋಡಮ್ಮ, ಎತ್ತಿಗಾದ್ರೂ ಸಾಯಂಕಾಲ ಬಿಚ್ಚುತ್ತಾರೆ." ನಕ್ಕರು, ನಗು ಕೆಮ್ಮಾಯಿತು. ಉಸಿರಣ್ಣ ಎದ್ದು ಬೆನ್ನು ನೀವಿದರು. ಆ ಮನೆಯಲ್ಲಿ ಯಂತ್ರದ ಸದ್ದು, ಟಪ್ ಎಂದು ಒಮ್ಮೆ, ಫುಸ್ ಎಂದು ಒಮ್ಮೆ, ನಿಲ್ಲದೆ ಕೇಳುತ್ತಿತ್ತು. ನನಗೆ ಅಕ್ಕನನ್ನು ಕಂಡು ತುಂಬ ಇಷ್ಟವಾಯಿತು.

ಹೋದ ವರ್ಷ ಮಳೆ ಹಿಡಿದು ಹದಿನೈದು ದಿನವಾಗಿತ್ತು. ಅಕ್ಕನ ಯಂತ್ರದ ಕಾಳು ದಣಿದು, ಗೋಡೆಯ ಮೇಲಿನ ಅಂಕಿ ತೊಂಬತ್ತರಿಂದ ಎಂಬತ್ತೈದಕ್ಕೆ ಇಳಿದಿತ್ತು. ಉಸಿರಣ್ಣ ಮೂರು ಕೆ.ಜಿ. ತರಿಸಿದ್ದರು. "ಈ ಸಲದ್ದು ಅಕ್ಕನಿಗೆ, ಮೇಡಂ. ಬಂದ ತಕ್ಷಣ ಹೇಳಿ," ಎಂದು ಎರಡು ಸಲ ಫೋನ್ ಮಾಡಿದ್ದರು.

ಪಾರ್ಸೆಲ್ ಬಂದ ದಿನ ಬೆಳಗ್ಗೆಯೇ ಹೊಸ ಸಾಹೇಬರು ನನ್ನನ್ನು ಎಲ್ಲರೆದುರು ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು. ನಾನು ಗೊತ್ತಿದ್ದವರ ಪೊಟ್ಟಣಗಳನ್ನು ಬೇಕೆಂದೇ ಬದಿಗಿಡುತ್ತೇನೆ, ಬಿಳಿ ಕಾಳು ಎಂದರೆ ಏನು ಬೇಕಾದರೂ ಇರಬಹುದು, ಇನ್ನು ಮೇಲೆ ಬಂದದ್ದೆಲ್ಲ ಬಂದ ದಿನವೇ ತೆರೆದು ತಮಗೆ ತೋರಿಸಬೇಕು ಎಂದರು. ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ನನ್ನ ಕೈಯನ್ನು ಅನುಮಾನಿಸಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮೇಜಿಗೆ ಬಂದು ಉಸಿರಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಅವರು ಯಾರದೋ ಮನೆಯಲ್ಲಿ ಯಂತ್ರದ ಕೆಳಗೆ ಮಲಗಿದ್ದರಂತೆ, ಫೋನು ಸ್ಕೂಟರಿನ ಡಿಕ್ಕಿಯಲ್ಲಿತ್ತಂತೆ. ಎಲ್ಲರೂ ನನ್ನ ತಲೆಯ ಮೇಲೇ ಕೂರುತ್ತಾರೆ ಎಂದುಕೊಂಡೆ. ಪೊಟ್ಟಣ ಎಳೆದುಕೊಂಡೆ. ದುಂಡನೆಯ ಅಕ್ಷರದ ಚೀಟಿ ಮೇಲೇ ಇತ್ತು. ಕತ್ತರಿ ತೆಗೆದುಕೊಂಡು ಮೂರೂ ಪೊಟ್ಟಣಗಳ ಬಾಯಿ ಕತ್ತರಿಸಿದೆ.

ಸಾಹೇಬರಿಗೆ ತೋರಿಸಲು ಹೋದರೆ ಅವರು ಮೀಟಿಂಗಿನಲ್ಲಿದ್ದರು. ಕಾಯುತ್ತಾ ಕಾಯುತ್ತಾ ಊಟದ ಹೊತ್ತಾಯಿತು. ಊಟವಾಗಿ ಬಂದರೂ ಮೀಟಿಂಗು ಮುಗಿದಿರಲಿಲ್ಲ. ನನ್ನ ಮೇಜಿನ ಹಿಂದೆ ಕಿಟಕಿ, ಹೊರಗೆ ಜಿಟಿಜಿಟಿ ಮಳೆ, ಮೇಲೆ ಫ್ಯಾನು. ಮೂರು ಪೊಟ್ಟಣಗಳು ಬಾಯಿ ಬಿಟ್ಟುಕೊಂಡು ಸಂಜೆ ಐದರವರೆಗೆ ಅಲ್ಲೇ ಇದ್ದವು. ಕೊನೆಗೆ ಸಾಹೇಬರು ನಿಂತಲ್ಲೇ ಒಮ್ಮೆ ಕಣ್ಣು ಹಾಯಿಸಿ, "ಸರಿ, ಬಿಡಿ," ಎಂದು ಹೊರಟುಹೋದರು.

ಮುಚ್ಚಲು ಹೋದಾಗ ಕಾರ್ಡುಗಳನ್ನು ಕಂಡೆ. ಮೂರರಲ್ಲೂ ಚುಕ್ಕೆಗಳು ಗುಲಾಬಿಯಾಗಿದ್ದವು. ಅದರ ಅರ್ಥ ಗೊತ್ತಿರಲಿಲ್ಲ ಎಂದರೆ ನಾನು ಇಲ್ಲೂ ಸುಳ್ಳು ಹೇಳಿದ ಹಾಗೆ. ಚೆನ್ನಾಗಿ ಗೊತ್ತಿತ್ತು. ಮೂರೂ ಕಾರ್ಡು ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಪೊಟ್ಟಣದ ಬಾಯಿ ಮಡಿಸಿ ಕಂದು ಬಣ್ಣದ ಟೇಪು ಸುತ್ತಿದೆ.

ಮರುದಿನ ಬಾಗಿಲು ತೆರೆಯುವಷ್ಟರಲ್ಲಿ ಉಸಿರಣ್ಣ ಡಬ್ಬ ಹಿಡಿದು ನಿಂತಿದ್ದರು. ಟೇಪು ನೋಡಿ ಅವರ ಮುಖ ಇಳಿಯಿತು.

"ತೆರೆದ್ರಾ ಮೇಡಂ?"

"ಹೊಸ ಸಾಹೇಬರ ಆರ್ಡರು. ನೀವು ಫೋನ್ ಎತ್ತಲಿಲ್ಲ."

"ಹೌದು, ತಪ್ಪು ನಂದೇ. ಎಷ್ಟು ಹೊತ್ತು ತೆರೆದಿತ್ತು?"

ಆಗ ಹೇಳಬಹುದಾಗಿತ್ತು. ಅಕ್ಕಪಕ್ಕದ ಮೇಜಿನವರು ಕೇಳುತ್ತಿದ್ದರು. ಹಿಂದಿನ ದಿನದ ಅವಮಾನ ಇನ್ನೂ ಆರಿರಲಿಲ್ಲ. ಈ ಮನುಷ್ಯನೆದುರೂ ತಲೆ ತಗ್ಗಿಸಬೇಕೇ ಎನ್ನಿಸಿತು. "ಎರಡೇ ನಿಮಿಷ," ಎಂದೆ.

"ಎರಡು ನಿಮಿಷ ಅಂದ್ರೆ ಪರವಾಗಿಲ್ಲ ಬಿಡಿ," ಎಂದರು. "ಒಳಗೆ ಕಾರ್ಡು ಇತ್ತಲ್ಲ?"

"ಕಾರ್ಡು ಗೀರ್ಡು ನಾನು ನೋಡ್ಲಿಲ್ಲ."

"ಇಡೋದು ಮರೆತಳೋ ಏನೋ ತಂಗಿ," ಎಂದು ತಮಗೆ ತಾವೇ ಹೇಳಿಕೊಂಡು, ರುಜು ಹಾಕಿ ಹೋದರು. ಒಂಬತ್ತು ವರ್ಷದ ನಂಬಿಕೆ. ನನ್ನ ಮಾತನ್ನು ಇನ್ನೊಮ್ಮೆ ತಿರುಗಿಸಿ ಕೇಳುವ ಯೋಚನೆಯೂ ಅವರಿಗೆ ಬರಲಿಲ್ಲ.

ಆಮೇಲೆ ನಡೆದದ್ದು ನನಗೆ ತಿಳಿದದ್ದು ನಂತರ. ಮನೆಗೆ ಹೋಗಿ ಅಕ್ಕನಿಗೆ ಆಮ್ಲಜನಕದ ಸಿಲಿಂಡರು ಹಚ್ಚಿ, ಯಂತ್ರದ ಕೊಳವೆ ಬಿಚ್ಚಿ, ಹಳೆಯ ಕಾಳನ್ನು ಸುರಿದು ಹೊಸದು ತುಂಬಿದರು. ಸುರಿದ ಕಾಳನ್ನು ಮತ್ತೆ ತುಂಬಲು ಬರುವುದಿಲ್ಲ, ಹೊರಗೆ ಬಿದ್ದ ಗಳಿಗೆಯಲ್ಲೇ ಅದೂ ತೇವ ಕುಡಿಯುತ್ತದೆ. ಯಂತ್ರ ಹಾಕಿ ಮೀಟರು ಹಚ್ಚಿದರೆ ಅರವತ್ತೊಂದು. ಹಳೆಯದೇ ಎಂಬತ್ತೈದು ಕೊಡುತ್ತಿತ್ತು! ತಾನೇ ಸರಿಯಾಗಿ ತುಂಬಲಿಲ್ಲವೇನೋ ಎಂದು ಬಿಚ್ಚಿದರು, ವಾಲ್ವು ಸೋರುತ್ತಿರಬೇಕೆಂದು ವಾಲ್ವು ಬದಲಿಸಿದರು, ಮೋಟಾರು ಬದಲಿಸಿದರು. ಎರಡು ನಿಮಿಷ ತೆರೆದ ಕಾಳು ಹೀಗಾಗುವುದಿಲ್ಲ ಎಂಬುದನ್ನು ಹಿಡಿದುಕೊಂಡು ಮೂರು ದಿನ ಒದ್ದಾಡಿದರು. ಆ ಮೂರು ದಿನವೂ ಅಕ್ಕ ಸಿಲಿಂಡರಿನ ಮೇಲೆ. ಒಂದು ಸಿಲಿಂಡರು ಕೆಲವೇ ಗಂಟೆ. ಊರಿನ ಆಚೆ ತುದಿಯಿಂದ ಹೊತ್ತು ತರಬೇಕು. ತರುವುದು ತಡವಾದರೆ ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿ, ಉಳಿದಿರುವುದನ್ನು ಮಿತವಾಗಿ ಎಳೆದುಕೊಳ್ಳಲು ಕೊಳವೆಯ ತಿರುಪನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಿದ್ದರಂತೆ.

ಊರಿನಲ್ಲಿ ಅವರ ಇನ್ನೂ ಎಂಟು ಯಂತ್ರಗಳಿದ್ದವು. ಒಂದನ್ನು ನಾಲ್ಕು ದಿನಕ್ಕೆ ಕೇಳಿ ತರುತ್ತೇನೆ ಎಂದು ಹೊರಟ ತಮ್ಮನನ್ನು ಅಕ್ಕ ತಡೆದರು. "ಬೇರೆಯವರ ಮೂಗಿಂದ ಕಿತ್ತು ನನಗೆ ತರಬೇಡ, ಪುಟ್ಟ," ಎಂದರಂತೆ. ಐವತ್ತೊಂಬತ್ತರ ತಮ್ಮನನ್ನು ಅವರು ಪುಟ್ಟ ಎಂದೇ ಕರೆಯುತ್ತಿದ್ದರು.

ನಾಲ್ಕನೆಯ ದಿನ ಉಸಿರಣ್ಣ ಒಂದು ತೀರ್ಮಾನಕ್ಕೆ ಬಂದರು. ಯಂತ್ರದಲ್ಲಿ ತಪ್ಪಿಲ್ಲ, ತುಂಬಿದ್ದರಲ್ಲಿ ತಪ್ಪಿಲ್ಲ, ಪಾರ್ಸೆಲ್ ಕಚೇರಿಯ ಮೇಡಂ ಎರಡು ನಿಮಿಷವಷ್ಟೇ ತೆರೆದದ್ದು. ಒಳಗೆ ಕಾರ್ಡಿರಲಿಲ್ಲ. ಅಂದರೆ ಆ ಕಡೆಯ ತಂಗಿಯೇ ಈ ಸಲ ಅಸಡ್ಡೆ ಮಾಡಿದ್ದಾಳೆ. ಮೀಟರಿನ ಅರವತ್ತೊಂದರ ಫೋಟೊ ಕಳಿಸಿ, ಬಾಯಿಗೆ ಬಂದದ್ದನ್ನೆಲ್ಲ ಬರೆದರು.

ಅದರ ಮುಂದಿನ ವಾರ ಹೊಸ ಪಾರ್ಸೆಲ್ ಬಂತು. ತುರ್ತು ವಿಮಾನದಲ್ಲಿ ಬಂದಿತ್ತು, ಕೇಳದೆಯೇ ಕಳಿಸಿದ್ದಳು. ಮೂರು ಪೊಟ್ಟಣ, ಒಂದೊಂದಕ್ಕೂ ಎರಡೆರಡು ಹಾಳೆಯ ಸುತ್ತು, ಮೇಲೆ ಅದೇ ದುಂಡನೆಯ ಅಕ್ಷರ. ನಾನು ಸಾಹೇಬರ ಕೋಣೆಗೆ ಹೋಗಿ, ಇದು ತರಿಸಿಕೊಂಡವರೆದುರೇ ಡಬ್ಬದೊಳಗೆ ತೆರೆಯಬೇಕಾದದ್ದು, ಬೇಕಾದರೆ ನನ್ನ ಮೇಲೆ ಬರೆಯಿರಿ ಎಂದೆ. ಅವರು ತಲೆಯೆತ್ತದೆ, "ಹಾಗೇ ಮಾಡಿ," ಎಂದರು. ಅಷ್ಟು ಸುಲಭವಾಗಿತ್ತು ಅದು! ಹಿಂದಿನ ಸಲವೇ ಕೇಳಿದ್ದರೆ ಮುಗಿದುಹೋಗುತ್ತಿತ್ತು.

ಉಸಿರಣ್ಣ ಬಂದಾಗ ಗುರುತು ಸಿಗದಷ್ಟು ಬಡವಾಗಿದ್ದರು. ಡಬ್ಬದೊಳಗೆ ತೆರೆದು ಮತ್ತೆ ಮೊಹರು ಹಾಕಿಕೊಟ್ಟೆ. "ತಂಗಿಗೆ ಬಾಯಿಗೆ ಬಂದಂಗೆ ಬರೆದ್ಬಿಟ್ಟೆ ಮೇಡಂ," ಎಂದರು. "ತಿರುಗಿ ಒಂದು ಮಾತಾಡಲಿಲ್ಲ ಅವಳು. ಹೊಸದು ಕಳಿಸಿದ್ದೀನಿ, ಅಕ್ಕ ಹೇಗಿದ್ದಾರೆ ಅಂತ ಮಾತ್ರ ಕೇಳಿದಳು." ನಿಜ ಹೇಳಿಬಿಡಬೇಕೆಂದು ಎದ್ದು ನಿಂತೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಸಿಲಿಂಡರು ಮುಗಿಯುತ್ತಾ ಬಂದಿದೆ ಎಂದು ಪಕ್ಕದ ಮನೆಯವರು. ಪೊಟ್ಟಣ ಅವುಚಿಕೊಂಡು ಓಡಿದರು. ನಾನು ಮತ್ತೆ ಕೂತು ಮುಂದಿನ ಪೊಟ್ಟಣ ಎಳೆದುಕೊಂಡೆ.

ಹೊಸ ಕಾಳು ತೊಂಬತ್ನಾಲ್ಕು ಕೊಟ್ಟಿತು. ಅಕ್ಕ ಐದು ದಿನ ಆ ಗಾಳಿ ಉಸಿರಾಡಿದರು. ಐದನೆಯ ದಿನ ಮಧ್ಯಾಹ್ನ ಬಾಗಿಲ ಮೆಟ್ಟಿಲವರೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದರಂತೆ. ಆರನೆಯ ದಿನ ಬೆಳಗ್ಗೆ ಆಸ್ಪತ್ರೆಗೆ ಸೇರಿಸಿದರು, ಸಂಜೆಯೊಳಗೆ ಹೋಗಿಬಿಟ್ಟರು. ಶ್ವಾಸಕೋಶ ಮುಗಿದೇಹೋಗಿತ್ತು, ಏನೂ ಆಗದಿದ್ದರೂ ಇನ್ನೆಷ್ಟು ದಿನವೋ ಎಂದರಂತೆ ಡಾಕ್ಟರು. ಆ "ಇನ್ನೆಷ್ಟು ದಿನವೋ" ಎಷ್ಟು ದಿನ ಎಂದು ನನಗೆ ಯಾರೂ ಹೇಳಲಾರರು.

ಎರಡು ವಾರ ಬಿಟ್ಟು ನಾನು ಅವರ ಮನೆಗೆ ಹೋದೆ. ಯಂತ್ರ ನಿಂತಿತ್ತು, ಮನೆ ಬಿಕೋ ಎನ್ನುತ್ತಿತ್ತು. ಉಸಿರಣ್ಣ ನೆಲದ ಮೇಲೆ ಕೂತು ಹದಿನೈದು ಮೀಟರಿನ ಹಸಿರು ಕೊಳವೆಯನ್ನು ಮೊಳಕೈಗೆ ಸುತ್ತುತ್ತಿದ್ದರು. ಯಂತ್ರಕ್ಕೆ ಹೊಸ ಫಿಲ್ಟರು ಹಾಕಿ ಒರೆಸಿಟ್ಟಿದ್ದರು.

"ಇದು ನಾಳೆ ಬೇರೆ ಮನೆಗೆ ಹೋಗ್ಬೇಕು. ಕಾಯ್ತಾ ಇದ್ದಾರೆ," ಎಂದರು.

ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ತೆರೆದಿದ್ದದ್ದು, ಕಿಟಕಿ, ಮಳೆ, ಗುಲಾಬಿಯಾದ ಚುಕ್ಕೆ, ಕಸದ ಬುಟ್ಟಿ. ಎರಡು ನಿಮಿಷ ಎಂದದ್ದು. ಸಾಹೇಬರ ಬೈಗುಳದ ವಿಷಯ ಹೇಳಲು ಬಾಯಿ ತೆರೆದು, ನಾಚಿಕೆಯಾಗಿ ಸುಮ್ಮನಾದೆ.

ಅವರು ಕೊಳವೆ ಸುತ್ತುವುದನ್ನು ನಿಲ್ಲಿಸಿದರು. ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ನೀವು ನಿಜ ಹೇಳಿದ್ರೆ ನಾನು ಹಳೇ ಕಾಳು ಸುರೀತಿರ್ಲಿಲ್ಲ," ಎಂದರು. "ಎಂಬತ್ತೈದರಲ್ಲಿ ಅವಳು ತಡ್ಕೊಳ್ತಿದ್ದಳು."

"ಹೌದು," ಎಂದೆ.

"ಅವಳು ತಿರುಪು ಕಡಿಮೆ ಮಾಡ್ಕೊಂಡು ಕೂತಿರ್ತಿದ್ದಳು ಮೇಡಂ. ನಾನು ಬರೋವರೆಗೆ."

ಅಳು ಬಂತು, ಅಳಲು ನನಗೇನು ಹಕ್ಕಿದೆ ಎನ್ನಿಸಿ ತಡೆದುಕೊಂಡೆ.

"ನಿಮಗೆ ಕ್ಷಮೆ ಗಿಮೆ ಅಂತ ಹೇಳೋಕೆ ನನ್ನಿಂದ ಆಗಲ್ಲ," ಎಂದರು. "ಕೇಳಲೂಬೇಡಿ. ಆದ್ರೆ ಒಂದು ಕೆಲಸ ಮಾಡಿ. ಆ ಹೆಣ್ಣುಮಗಳಿಗೆ ನಾನು ಹೇಳಬಾರದ್ದೆಲ್ಲ ಹೇಳಿದ್ದೀನಿ. ಅದನ್ನ ನೀವು ಸರಿಮಾಡಿ. ಇಲ್ಲೇ, ಈಗಲೇ." ಜೇಬಿನಿಂದ ಫೋನು ತೆಗೆದು ನನ್ನ ಕೈಗಿಟ್ಟರು.

ಫೋನಿನಲ್ಲಿ ಅವರಿಬ್ಬರ ಮಾತುಕತೆ ತೆರೆದಿತ್ತು. ಮೀಟರಿನ ಫೋಟೊ, ಹೆಬ್ಬೆರಳು; ಮೀಟರಿನ ಫೋಟೊ, ಹೆಬ್ಬೆರಳು. ಆಮೇಲೆ ಅರವತ್ತೊಂದು. ಅದರ ಕೆಳಗೆ ಉಸಿರಣ್ಣ ಬರೆದದ್ದನ್ನು ನಾನು ಓದಲಾರದೆ ದಾಟಿಸಿದೆ. ಬರೆದೆ: ನಾನು ಪಾರ್ಸೆಲ್ ಕಚೇರಿಯವಳು. ನಿಮ್ಮ ಪೊಟ್ಟಣದಲ್ಲಿ ಯಾವ ದೋಷವೂ ಇರಲಿಲ್ಲ. ಕಾರ್ಡುಗಳೂ ಇದ್ದವು. ಅದನ್ನು ಇಡೀ ದಿನ ತೆರೆದಿಟ್ಟು ಹಾಳುಮಾಡಿದವಳು ನಾನು. ಇವರಿಗೆ ಸುಳ್ಳು ಹೇಳಿದವಳೂ ನಾನೇ. ಅಕ್ಕ ಈಗ ಇಲ್ಲ.

ಫೋನು ಅದನ್ನು ಅವಳ ಭಾಷೆಗೆ ತಿರುಗಿಸಿ ಕಳಿಸಿತು. ಅಲ್ಲಿ ಅವಳಿಗೂ ಹಗಲೇ ಇರಬೇಕು. ಅವಳು ಓದಿದ ಗುರುತು ಕೂಡಲೇ ಬಂತು. ಆಮೇಲೆ ಏನೂ ಬರಲಿಲ್ಲ. ಉಸಿರಣ್ಣ ಮತ್ತೆ ಕೊಳವೆ ಸುತ್ತತೊಡಗಿದರು. ಬೈಯಲಿ, ಬೈದರೆ ಸರಿಯೇ ಎಂದು ನಾನು ಕಾದೆ.

ಉತ್ತರ ಬಂದಾಗ ಉಸಿರಣ್ಣನೇ ಓದಿದರು. ಓದಿ, ಮತ್ತೆ ಫೋನನ್ನು ನನ್ನ ಕಡೆ ಚಾಚಿದರು. "ಇದಕ್ಕೂ ನೀವೇ ಹೇಳಿ," ಎಂದರು.

ಅವಳು ಹೀಗೆ ಬರೆದಿದ್ದಳು: "ಅಕ್ಕನ ವಿಷಯ ತಿಳಿದು ತುಂಬ ದುಃಖವಾಗಿದೆ. ಒಂದು ಕೇಳಬೇಕು. ಒಂಬತ್ತು ವರ್ಷದಿಂದ ನಿಮ್ಮ ಅಕ್ಷರಗಳನ್ನು ನೋಡಿಕೊಂಡು ಬರೆಯುತ್ತಿದ್ದೇನೆ. ನನಗೆ ಅವು ಓದಲು ಬರುವುದಿಲ್ಲ. ತಪ್ಪಾಗಿ ಬರೆದಿದ್ದೆನೇ? ಅದಕ್ಕೇ ನಿಮಗೆ ಓದಲಾಗಲಿಲ್ಲವೇ? ಹಾಗಿದ್ದರೆ ಇನ್ನೊಮ್ಮೆ ದೊಡ್ಡದಾಗಿ ಬರೆದು ಕಳಿಸಿ, ಸರಿಯಾಗಿ ಕಲಿಯುತ್ತೇನೆ."

ಅದನ್ನು ನಿಂತೇ ಎರಡು ಸಲ ಓದಿದೆ. ಕೊನೆಗೆ ಬರೆದೆ:

"ಅಕ್ಷರ ಚೆನ್ನಾಗಿದ್ದವು. ಒಂದೂ ತಪ್ಪಿರಲಿಲ್ಲ. ನಾನು ಓದಿದೆ. ಓದಿಯೇ ತೆರೆದೆ."